ಕೆಳಗೆ ನಿಂತವರು
ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಯಲ್ಲಿ ಮೈಲಾರಲಿಂಗ ದೇವರ ಭಕ್ತನಾದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎನ್ನುತ್ತಾರೆ. ಅಷ್ಟು ದೊಡ್ಡ ಜನಸಾಗರ ಒಮ್ಮೆಲೇ ಸ್ತಬ್ಧವಾಗುತ್ತದೆ. ಒಂದೇ ಸಾಲಿನ ಕಾರಣಿಕವನ್ನು, ಅಂದರೆ ಭವಿಷ್ಯವಾಣಿಯನ್ನು, ನುಡಿದು ಅವರು ಮೇಲಿನಿಂದ ಕೆಳಕ್ಕೆ ಬೀಳುತ್ತಾರೆ. ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆಮೇಲೆ ಶುರು ಅರ್ಥದ ಚರ್ಚೆ: ಮಳೆಯೋ, ಬೆಳೆಯೋ, ರಾಜಕೀಯವೋ. ರಾಜಕೀಯಕ್ಕೇ ಪಾಲು ಹೆಚ್ಚು, ಬಿಡಿ. ನನಗಾದರೋ ನುಡಿಗಿಂತ ಆ ಬೀಳುವಿಕೆಯೇ ದೊಡ್ಡದು. ಅದು ಮೈಲಾರಲಿಂಗನ ಮೇಲಿನ ನಂಬಿಕೆಯಲ್ಲವೇ, ಮನುಷ್ಯರದೇನು ಪಾತ್ರ ಎಂದು ಕೇಳಬಹುದು. ನಿಜ, ಬೀಳುವ ಧೈರ್ಯ ದೇವರಿಂದಲೇ ಬಂದಿರಬಹುದು. ಆದರೆ ಹಿಡಿಯಲು ಚಾಚಿದ ಕೈಗಳು ಮನುಷ್ಯರ ಕೈಗಳೇ. ಭಕ್ತಿ ಎಷ್ಟೇ ಗಟ್ಟಿಯಿದ್ದರೂ ಹಿಡಿಯುವವರು ಕೆಳಗೆ ಇರಲೇಬೇಕು. ಕಾರಣಿಕಕ್ಕೆ ಅರ್ಥ ಹೇಳುವವರನ್ನು ಊರೆಲ್ಲ ಗುರುತಿಸುತ್ತದೆ. ಗೊರವಯ್ಯನನ್ನು ಹಿಡಿದವರು ಯಾರೆಂದು ಕೇಳುವವರು ಕಡಿಮೆ.