ಕಿಕಾಫ್ ಹಿಡಿದು ಓಡಿದ ಧೀರರು

ಅಮೆರಿಕದವರು ಫುಟ್‌ಬಾಲ್ ಎಂದು ಕರೆಯುವ ಆಟದಲ್ಲಿ ಕಾಲಿಗಿಂತ ಕೈಗೇ ಕೆಲಸ ಹೆಚ್ಚು. ಚೆಂಡೂ ಗುಂಡಗಿಲ್ಲ, ಎರಡು ತುದಿಯಲ್ಲೂ ಮೊನಚು. ಅದನ್ನು ಎದೆಗವಚಿಕೊಂಡು ಎದುರಾಳಿಗಳ ಕೊನೆಯ ಗೆರೆಯನ್ನು ದಾಟಿದರೆ ಆರು ಅಂಕ; ಇದಕ್ಕೆ ಟಚ್‌ಡೌನ್ ಎಂದು ಹೆಸರು. ಗೆರೆಯಿಂದ ಗೆರೆಗೆ ಅಂಗಳದ ಉದ್ದ 100 ಗಜ. ಪ್ರತಿಯೊಂದು ಗೆರೆಯ ಆಚೆಗೆ ಇನ್ನೂ 10 ಗಜ ನೆಲವುಂಟು. ಪಕ್ಷಕ್ಕೆ ಹನ್ನೊಂದು ಮಂದಿ. ಇಷ್ಟು ತಿಳಿದಿದ್ದರೆ ನಾನು ಈಗ ಹೇಳಹೊರಟಿರುವ ಸಂಗತಿಗೆ ಸಾಕು.

ಆಟದ ಮೊದಲಲ್ಲಿ, ಮಧ್ಯವಿರಾಮದ ಬಳಿಕ, ಮತ್ತು ಟಚ್‌ಡೌನ್ ಆದಾಗಲೆಲ್ಲ ಒಂದು ಪಕ್ಷ ಚೆಂಡನ್ನು ದೂರಕ್ಕೆ ಒದ್ದು ಎದುರಾಳಿಗಳಿಗೆ ಒಪ್ಪಿಸಬೇಕು. ಇದೇ ಕಿಕಾಫ್. ಆ ತುದಿಯಲ್ಲಿ ಒಬ್ಬ ಆಕಾಶ ನೋಡುತ್ತ ನಿಂತಿರುತ್ತಾನೆ. ಚೆಂಡು ಅವನ ಕೈಗೆ ಬೀಳುವ ವೇಳೆಗೆ ಅವನನ್ನು ಕೆಡವಲು ಎದುರಿನ ದೃಢಕಾಯರು ಧಾವಿಸಿ ಬರುತ್ತಿರುತ್ತಾರೆ. ಅವನ ಕಡೆಯವರು ಅಡ್ಡಗಟ್ಟುತ್ತಾರೆ, ನಿಜ. ಆದರೆ ಆ ನೂಕುನುಗ್ಗಲಿನ ನಡುವೆ ದಾರಿ ತೆರೆದಿರುವುದು ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ. ಅವಸರಪಟ್ಟರೆ ದಾರಿ ಇನ್ನೂ ತೆರೆದಿಲ್ಲ, ತಡಮಾಡಿದರೆ ಮುಚ್ಚಿಹೋಗಿದೆ. ಅಭಿಮನ್ಯುವಿಗೆ ವ್ಯೂಹವನ್ನು ಹೊಗುವುದು ಮಾತ್ರ ತಿಳಿದಿತ್ತು. ಇವನಿಗೆ ಹೊರಬೀಳುವುದೂ ತಿಳಿದಿರಬೇಕು.

ಈ ವಿದ್ಯೆಯಲ್ಲಿ ಅಗ್ರಗಣ್ಯನೆಂದರೆ ಷಿಕಾಗೋ ಬೇರ್ಸ್ ತಂಡದ ಗೇಲ್ ಸೇಯರ್ಸ್. 1965ರಿಂದ 1971ರವರೆಗೆ ಆಡಿದ ಈತ ಕಿಕಾಫ್ ಹಿಡಿದು ಓಡಿದ್ದು 91 ಸಲ. ಪ್ರತಿ ಸಲಕ್ಕೆ ಸರಾಸರಿ 30.56 ಗಜ. ಆರು ಓಟಗಳು ಟಚ್‌ಡೌನಿನಲ್ಲೇ ಮುಗಿದವು. ಅರ್ಧ ಶತಮಾನ ಕಳೆದರೂ ಆ ಸರಾಸರಿಯ ದಾಖಲೆ ಮುರಿದಿಲ್ಲ. ಮೊಣಕಾಲುಗಳು ಪೆಟ್ಟು ತಿಂದು ಆಟ ಬೇಗನೆ ನಿಂತಿತು. ಆದರೂ 1977ರಲ್ಲಿ, 34ನೆಯ ವಯಸ್ಸಿಗೇ, ವೃತ್ತಿ ಫುಟ್‌ಬಾಲಿನ ಕೀರ್ತಿಮಂದಿರ ಆತನನ್ನು ಬರಮಾಡಿಕೊಂಡಿತು.

ಅದೇ ತಂಡದ ಡೆವಿನ್ ಹೆಸ್ಟರ್ 2007ರ ಫೆಬ್ರವರಿ 4ರಂದು ಮಿಯಾಮಿಯಲ್ಲಿ, ಸೂಪರ್ ಬೋಲ್ ಎಂಬ ಅಂತಿಮ ಪಂದ್ಯದ ಮೊದಲ ಕಿಕಾಫನ್ನೇ ಹಿಡಿದು 92 ಗಜ ಓಡಿ ಟಚ್‌ಡೌನ್ ಗಳಿಸಿದ. ಗಡಿಯಾರದಲ್ಲಿ ಕಳೆದದ್ದು ಹದಿನಾಲ್ಕೇ ಸೆಕೆಂಡು. ಪಂದ್ಯವನ್ನು ಮಾತ್ರ ಅವನ ತಂಡ ಸೋತಿತು. 2013ರಲ್ಲಿ ಮಿನೆಸೋಟದ ಕಾರ್ಡರೆಲ್ ಪ್ಯಾಟರ್ಸನ್ ಗೆರೆಯ ಹಿಂದಿನಿಂದ ಹೊರಟು 109 ಗಜ ಓಡಿದ. ಮುಂದೆ 2022ರಲ್ಲಿ ಇಂತಹ ಒಂಬತ್ತನೆಯ ಟಚ್‌ಡೌನ್ ಗಳಿಸಿ ಹೊಸ ದಾಖಲೆ ಮಾಡಿದ.

ಇದು ಕೀರ್ತಿಯ ಮಾತಾಯಿತು. ಇದರ ಬೆಲೆಯನ್ನೂ ನೋಡಬೇಕಷ್ಟೆ. ಎರಡು ಕಡೆಯಿಂದಲೂ ಪೂರ್ಣವೇಗದಲ್ಲಿ ಓಡಿ ಬಂದವರು ಡಿಕ್ಕಿ ಹೊಡೆಯುವುದರಿಂದ ಕಿಕಾಫ್ ಈ ಆಟದ ಅತ್ಯಂತ ಅಪಾಯದ ಗಳಿಗೆಗಳಲ್ಲಿ ಒಂದಾಗಿತ್ತು. 2007ರ ಸೆಪ್ಟೆಂಬರಿನಲ್ಲಿ ಬಫಲೋ ತಂಡದ ಕೆವಿನ್ ಎವೆರೆಟ್, ಚೆಂಡು ಹಿಡಿದವನನ್ನು ಕೆಡವಲು ಹೋಗಿ, ಕುತ್ತಿಗೆಯ ಮೂಳೆ ಮುರಿದು ಮೈದಾನದಲ್ಲಿ ಅಲುಗದೆ ಬಿದ್ದ. ಚಿಕಿತ್ಸೆಯಿಂದ ಮತ್ತೆ ನಡೆದಾಡಿದನೆಂಬುದು ಸಂತೋಷ. ಆದರೆ ಮತ್ತೆ ಆಡಲಿಲ್ಲ.

ಅಪಾಯ ತಗ್ಗಿಸಲೆಂದು 2011ರಲ್ಲಿ ಒದೆಯುವ ಸ್ಥಳವನ್ನು ಐದು ಗಜ ಮುಂದಕ್ಕೆ ತಂದರು. ಚೆಂಡು ಕೊನೆಯ ಗೆರೆಯಾಚೆಗೇ ಬೀಳತೊಡಗಿತು. ಅಲ್ಲಿ ಹಿಡಿದವನು ಮಂಡಿಯೂರಿದರೆ ಓಡದೆಯೇ ಅವನ ಪಕ್ಷಕ್ಕೆ ಮುಂದಿನ ನೆಲ ದೊರೆಯುತ್ತದೆ; ಹಾಗಿರುವಲ್ಲಿ ಓಡುವವರಾರು? ಪೆಟ್ಟಿನೊಡನೆ ಓಟವೂ ಕುಗ್ಗಿತು. 2024ರ ಫೆಬ್ರವರಿಯ ಸೂಪರ್ ಬೋಲಿನಲ್ಲಿ ಒಂದು ಕಿಕಾಫನ್ನೂ ಹಿಡಿದು ಯಾರೂ ಓಡಲಿಲ್ಲ! ಅದೇ ವರ್ಷ ಹೆಸ್ಟರ್ ಕೀರ್ತಿಮಂದಿರವನ್ನು ಸೇರಿದ. ಮುಖ್ಯವಾಗಿ ಇಂತಹ ಓಟಗಳಿಗಾಗಿಯೇ ಆ ಗೌರವ ಪಡೆದವರಲ್ಲಿ ಅವನೇ ಮೊದಲಿಗ.

ಆ ವರ್ಷವೇ ಹೊಸ ಕ್ರಮವೊಂದು ಬಂತು. ಒದೆಯುವವನೊಬ್ಬನ ಹೊರತು ಅವನ ಪಕ್ಷದವರೆಲ್ಲ ಮೊದಲೇ ಮುಂದೆ ಹೋಗಿ ಎದುರಾಳಿಗಳ ಸಮೀಪದಲ್ಲಿ ನಿಲ್ಲಬೇಕು. ಚೆಂಡು ನೆಲಕ್ಕೋ ಕೈಗೋ ಬೀಳುವವರೆಗೆ ಅವರಾಗಲಿ ಅವರನ್ನು ತಡೆಯುವವರಾಗಲಿ ಕದಲಕೂಡದು. ದೂರದಿಂದ ಓಡಿಬಂದು ಅಪ್ಪಳಿಸುವುದು ತಪ್ಪಿತು. ಚೆಂಡು ಹಿಡಿದು ಓಡುವುದು ಮತ್ತೆ ಹೆಚ್ಚಿತು.

ಸೇಯರ್ಸನ ಹಿರಿಮೆ ಇದ್ದದ್ದು ಡಿಕ್ಕಿಯಲ್ಲಲ್ಲ, ಡಿಕ್ಕಿಯಿಂದ ನುಣುಚಿಕೊಳ್ಳುವುದರಲ್ಲಿ. ಅದನ್ನು ಕಾಣಬೇಕೆಂದು ಮತ್ತೊಬ್ಬ ತರುಣನ ಕುತ್ತಿಗೆಯನ್ನು ಪಣಕ್ಕಿಡಬೇಕಾಗಿಲ್ಲ. ಆಟ ಕಲಿಸುವವರೂ, ಆಟ ನೋಡಿ ಚಪ್ಪಾಳೆ ತಟ್ಟುವವರೂ ಇದನ್ನು ನೆನಪಿನಲ್ಲಿಡುವುದು ಒಳ್ಳೆಯದು.