ಷೇರು ಅವಳ ಹೆಸರಿಗೆ, ಸಭೆ ಅವಳ ಹೊತ್ತಿಗೆ

(ಯಶವಂತಪುರದಲ್ಲಿ ಕಾರ್ಮಿಕರು ಮತ್ತು ಸಣ್ಣ ವರ್ತಕರ ಮುಂದೆ ಮಾಡಿದ ಭಾಷಣ)



ಸಹಕಾರದ ಮಾತು ಬಂದಾಗಲೆಲ್ಲ ನಾವು ಗದಗ ಸೀಮೆಯ ಕಣಗಿನಹಾಳವನ್ನು ನೆನೆಯುತ್ತೇವೆ. 1905ರಲ್ಲಿ ಸಿದ್ದನಗೌಡ ಪಾಟೀಲರು ಅಲ್ಲಿ ಕಟ್ಟಿದ ಸಂಘದಿಂದ ನಮ್ಮ ನಾಡಿನ ಸಹಕಾರ ಚಳವಳಿ ಮೊದಲಾಯಿತು. ಷೇರು ಒಂದಿರಲಿ, ಹತ್ತಿರಲಿ, ಒಬ್ಬ ಸದಸ್ಯನಿಗೆ ಒಂದೇ ಮತ. ಹಣದ ದರ್ಪಕ್ಕೆ ಕಡಿವಾಣ ಹಾಕುವ ಈ ನಿಯಮವೇ ಸಹಕಾರದ ಜೀವಾಳ. ಆದರೆ ಆ ಒಬ್ಬ ಸದಸ್ಯ ಯಾರು ಎಂಬುದನ್ನು ನಾವು ಕೇಳಲೇಬೇಕಾಗಿದೆ.

ದೂರ ಹೋಗುವುದು ಬೇಡ. ಯಲಹಂಕದಲ್ಲಿ ಮದರ್ ಡೇರಿ ಇದೆ. ಇಂಥ ಡೇರಿಗಳ ಬೆನ್ನಿಗೆ ಊರೂರಿನ ಹಾಲು ಉತ್ಪಾದಕರ ಸಹಕಾರ ಸಂಘಗಳಿವೆ. ಕೋಳಿ ಕೂಗುವ ಮುಂಚೆ ಎದ್ದು ಕೊಟ್ಟಿಗೆಯ ಸಗಣಿ ಬಾಚುವವಳು, ಹುಲ್ಲು ಹೊರುವವಳು, ಹಿಂಡಿ ಕಲಸುವವಳು ಸಾಮಾನ್ಯವಾಗಿ ಮನೆಯ ಹೆಂಗಸು. ಪಾಸ್‌ಪುಸ್ತಕದಲ್ಲಿ ಮಾತ್ರ ಎಷ್ಟೋ ಮನೆಗಳಲ್ಲಿ ಗಂಡನ ಹೆಸರು! ಹಸು ಏಕೆ ಹಾಲು ಕಡಿಮೆ ಮಾಡಿತು, ಹಿಂಡಿ ಹೇಗಿತ್ತು ಎಂಬುದನ್ನು ಬಲ್ಲವಳು ಮನೆಯಲ್ಲಿರುತ್ತಾಳೆ. ಸಭೆಯಲ್ಲಿ ಕೈ ಎತ್ತುವವನು ಬೇರೆ.

ಹೆಂಗಸರ ಕೈಲಿ ಆಡಳಿತ ಸಾಗದು ಎನ್ನುವವರಿಗೆ ನಮ್ಮ ರಾಜ್ಯದ ಮಹಿಳಾ ಹಾಲು ಸಂಘಗಳೇ ಉತ್ತರ. ಅಲ್ಲಿ ಸದಸ್ಯರೂ ಅವರೇ, ನಿರ್ದೇಶಕರೂ ಅವರೇ. ಕಾನೂನೂ ಅಡ್ಡ ಬರುವುದಿಲ್ಲ. ಆಡಳಿತ ಮಂಡಳಿಯಲ್ಲಿ ಮಹಿಳೆಯರಿಗೆ ಎರಡು ಸ್ಥಾನ ಎಂದು 2011ರ ಸಂವಿಧಾನ ತಿದ್ದುಪಡಿ ಹೇಳಿತು. ನಮ್ಮ ರಾಜ್ಯದ ಸಹಕಾರ ಕಾಯಿದೆಯೂ ಅವರಿಗೆ ಸ್ಥಾನ ಕಾದಿರಿಸಿದೆ. ಆದರೆ ನಡಾವಳಿ ಪುಸ್ತಕ ಅಡಿಗೆಮನೆ ಬಾಗಿಲಿಗೆ ಹೋಗಿ ಸಹಿ ಹಾಕಿಸಿಕೊಂಡು ಬಂದರೆ ಅದನ್ನು ಆಡಳಿತವೆಂದು ಕರೆಯಲಾದೀತೆ?

ಕುರ್ಚಿ ಕೊಟ್ಟೆವು, ಹೊತ್ತು ಕೊಡಲಿಲ್ಲ. ಕೇಂದ್ರ ಸರ್ಕಾರದ 2024ರ ಸಮಯ ಬಳಕೆ ಸಮೀಕ್ಷೆಯ ಪ್ರಕಾರ, ಮನೆಗೆಲಸ ಮಾಡುವ ಹೆಂಗಸು ಅದಕ್ಕೆ ದಿನಕ್ಕೆ 289 ನಿಮಿಷ ಕೊಡುತ್ತಾಳೆ. ಮನೆಗೆಲಸಕ್ಕೆ ಕೈಹಚ್ಚುವ ಗಂಡಸು 88 ನಿಮಿಷ. ಮಕ್ಕಳ, ಮುದುಕರ ಆರೈಕೆಯ ಲೆಕ್ಕ ಬೇರೆಯೇ ಇದೆ.

ಗಿರಣಿಯ ಗೆಳೆಯರೇ, ಎಂಟು ಗಂಟೆಯ ದುಡಿಮೆಗಾಗಿ ಲೋಕದ ಕಾರ್ಮಿಕರು ರಕ್ತ ಸುರಿಸಿದ್ದನ್ನು ನೀವು ಬಲ್ಲಿರಿ. ನಿಮ್ಮ ಪಾಳಿ ಮುಗಿದಾಗ ಸೈರನ್ ಕೂಗುತ್ತದೆ. ಒಲೆಯ ಮುಂದಿನ ಪಾಳಿಗೆ ಯಾವ ಸೈರನ್ ಇದೆ? 1948ರ ಕಾರ್ಖಾನೆ ಕಾಯಿದೆ, 50ಕ್ಕಿಂತ ಹೆಚ್ಚು ಹೆಂಗಸರು ದುಡಿಯುವಲ್ಲಿ ಶಿಶುಗೃಹ ಬೇಕೆಂದಿತು; 1976ರಲ್ಲಿ ಆ ಸಂಖ್ಯೆ 30ಕ್ಕೆ ಇಳಿಯಿತು. ಮಾಲೀಕನಿಂದ ಕೇಳಿ ಪಡೆದದ್ದನ್ನು ನಮ್ಮದೇ ಸಂಘದಲ್ಲಿ ನಾವು ಏಕೆ ಮಾಡಬಾರದು?

ವರ್ತಕ ಮಿತ್ರರೇ, ನೀವು ಸಾಮಾನು ತರಲು ಯಶವಂತಪುರದ ಮಾರುಕಟ್ಟೆಗೆ ಹೋದಾಗ ಅಂಗಡಿಯ ಗಲ್ಲದ ಮುಂದೆ ಕೂರುವವಳು ಯಾರು? ಲೆಕ್ಕ ಬಲ್ಲ ಅವಳು ಪತ್ತಿನ ಸಂಘದ ಸದಸ್ಯೆಯಾಗಲು ಅಡ್ಡಿಯೇನು?

ನಮ್ಮ ಬೇಡಿಕೆಗಳು ಸರಳವಾಗಿವೆ. ಹಾಲು ಕರೆಯುವವಳ ಹೆಸರಿಗೇ ಷೇರು, ಅವಳ ಖಾತೆಗೇ ಹಣ. ಸಭೆ ಎರಡು ಕರಾವಿನ ನಡುವೆ, ಒಲೆ ಆರಿದ ಹೊತ್ತಿನಲ್ಲಿ. ಸಭೆ ನಡೆಯುವಾಗ ಕೂಸುಗಳನ್ನು ನೋಡಿಕೊಳ್ಳಲು ಸಂಘದ ಖರ್ಚಿನಲ್ಲಿ ಒಬ್ಬರು. ನಾಲ್ಕನೆಯದಕ್ಕೆ ಠರಾವು ಬೇಕಿಲ್ಲ, ಸರ್ಕಾರದ ಅಪ್ಪಣೆಯೂ ಬೇಕಿಲ್ಲ: ಸಭೆಯ ದಿನ ಮನೆಯ ಅನ್ನಕ್ಕೆ ನಾವು ಗಂಡಸರು ನೀರಿಡಬೇಕು. ಮನೆಯಲ್ಲಿ ಸಮಪಾಲು ಮಾಡದವರು ಸಂಘದಲ್ಲಿ ಸಮತೆಯ ಮಾತಾಡಿದರೆ ಯಾರು ನಂಬಿಯಾರು?