ಸೇತುವೆಗೊಂದು ಸೂರು
(ಮಳೆಗಾಲದ ಪೂರ್ವಸಿದ್ಧತೆಯ ಗ್ರಾಮಸಭೆಯೊಂದರಲ್ಲಿ ಮಾಡಿದ ಭಾಷಣದ ಲಿಖಿತ ರೂಪ)



ಅಡಿಕೆ ಮರದ ಎರಡು ಕಾಂಡ, ಹಿಡಿದುಕೊಳ್ಳಲು ಒಂದು ಬಿದಿರು, ಕಟ್ಟಲು ಬಳ್ಳಿ ಅಥವಾ ಹಗ್ಗ: ಇಷ್ಟಿದ್ದರೆ ಮಲೆನಾಡಿನ ಕಾಲುಸಂಕ ಸಿದ್ಧ. ಹಳ್ಳದಾಚೆಯ ಮನೆಗೆ ಶಾಲೆ, ಅಂಗಡಿ, ಆಸ್ಪತ್ರೆಗಳ ದಾರಿ ಅದೇ. ಆದರೆ ಒಂದೆರಡು ಮಳೆಗಾಲ ಕಳೆಯುವುದರೊಳಗೆ ಅದು ಶಿಥಿಲವಾಗುತ್ತದೆ. 2022ರ ಆಗಸ್ಟ್ ತಿಂಗಳಲ್ಲಿ ಬೈಂದೂರು ತಾಲ್ಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮರಳುತ್ತಿದ್ದ ಪುಟ್ಟ ಬಾಲಕಿಯೊಬ್ಬಳು ಕಾಲುಸಂಕದಿಂದ ಜಾರಿ ಹಳ್ಳದ ಪಾಲಾದಳು. ಆದುದರಿಂದ ಈ ವಿಷಯವನ್ನು ಕೇವಲ ಹಳೆಯ ಕಾಲದ ಸೊಬಗೆಂದು ನಾನು ಮಾತನಾಡಲಾರೆ.

ಮರದ ಸೇತುವೆ ಎಂದರೆ ಅಲ್ಪಾಯುಷಿ ಎಂಬ ನಂಬಿಕೆ ನಮ್ಮಲ್ಲಿದೆ. ಈ ಮಾತನ್ನು ಪರೀಕ್ಷಿಸಲು ಭೂತಾನದ ಪುನಾಖಾಕ್ಕೆ ಹೋಗಬೇಕು. ಅಲ್ಲಿನ ಕೋಟೆಮಠಕ್ಕೆ ಹೋಗಲು ಮೋ ಛೂ ನದಿಯ ಮೇಲೆ 17ನೆಯ ಶತಮಾನದಲ್ಲಿ ಮರದ ಸೇತುವೆಯೊಂದನ್ನು ಕಟ್ಟಿದರು. ದಡದ ಗೋಪುರಗಳಲ್ಲಿ ತೊಲೆಗಳ ಬುಡವನ್ನು ಹುದುಗಿಸಿ, ಮೇಲೆ ಕಲ್ಲಿನ ಭಾರ ಹೇರಿ, ಒಂದರ ಮೇಲೊಂದು ತೊಲೆಯನ್ನು ಸ್ವಲ್ಪ ಸ್ವಲ್ಪವೇ ನದಿಯ ಕಡೆಗೆ ಚಾಚುವುದು ಆ ನಾಡಿನ ವಿಧಾನ. ನೀರಿನ ನಡುವೆ ಕಂಬವಿಲ್ಲ, ಮೇಲೆ ಚಾವಣಿಯಿದೆ. 1950ರ ದಶಕದ ಕೊನೆಯ ಮಹಾಪ್ರವಾಹದಲ್ಲಿ ಅದು ಕೊಚ್ಚಿಹೋಯಿತು. ಜರ್ಮನಿಯ ಸಂಸ್ಥೆಯೊಂದರ ನೆರವಿನೊಡನೆ, ಸುಮಾರು 55 ಮೀಟರ್ ಹರವಿನ ಸೇತುವೆಯನ್ನು ಹಳೆಯ ಶೈಲಿಯಲ್ಲಿಯೇ ಮತ್ತೆ ಕಟ್ಟಿ 2008ರಲ್ಲಿ ಪೂರ್ಣಗೊಳಿಸಿದರು.

ಸೇತುವೆಗೆ ಸೂರು ಏಕೆ? ದಾರಿಹೋಕರು ನೆನೆಯದಿರಲೆಂದು ಮಾತ್ರವಲ್ಲ. ಮುಖ್ಯವಾಗಿ ಮರ ನೆನೆಯದಿರಲೆಂದು. ಮರದೊಳಗಿನ ತೇವಾಂಶ ಶೇಕಡಾ 20ಕ್ಕಿಂತ ಕೆಳಗಿದ್ದರೆ ಅದನ್ನು ಕೊಳೆಸುವ ಶಿಲೀಂಧ್ರ ಬೆಳೆಯಲಾರದು. ತೊಲೆಯ ಕೊಯ್ದ ತುದಿ ಎಲ್ಲಕ್ಕಿಂತ ಹೆಚ್ಚು ನೀರು ಹೀರುತ್ತದೆ. ನಮ್ಮ ಸಂಕದ ತುದಿಗಳು ಕೂತಿರುವುದು ಎಲ್ಲಿ? ಹಸಿಮಣ್ಣಿನಲ್ಲಿ! ಕಿರಿದಾದ ಸಂಕಕ್ಕೆಲ್ಲ ಚಾವಣಿ ಹಾಕುವುದು ಆಗದ ಮಾತು. ಆದರೆ ಎರಡೂ ದಡಗಳಲ್ಲಿ ಎತ್ತರದ ಕಲ್ಲಿನ ಕಟ್ಟೆ ಕಟ್ಟಿ ತುದಿಗಳನ್ನು ಮಣ್ಣಿನಿಂದ ಬಿಡಿಸುವುದು ಒಂದು ದಿನದ ಶ್ರಮದಾನಕ್ಕೆ ಸಾಧ್ಯ.

ಮರದಷ್ಟೇ ಮುಖ್ಯವಾದುದು ಕೈಚಳಕ. ಚೀನಾದ ಫುಜಿಯನ್ ಮತ್ತು ಝೆಜಿಯಾಂಗ್ ಪ್ರಾಂತ್ಯಗಳ ಬೆಟ್ಟಗಳಲ್ಲಿ ಸೂರು ಹೊದ್ದ ಕಮಾನು ಸೇತುವೆಗಳಿವೆ. ಅವುಗಳನ್ನು ಕಟ್ಟುವ ವಿದ್ಯೆಯನ್ನು ತುರ್ತು ರಕ್ಷಣೆ ಬೇಕಾದ ಪರಂಪರೆಗಳ ಪಟ್ಟಿಗೆ ಯುನೆಸ್ಕೋ 2009ರಲ್ಲಿ ಸೇರಿಸಿತು. 2024ರಲ್ಲಿ ಆ ತುರ್ತು ಪಟ್ಟಿಯಿಂದ ತೆಗೆದು ಮಾನವಕುಲದ ಪರಂಪರೆಯ ಪ್ರಾತಿನಿಧಿಕ ಪಟ್ಟಿಗೆ ವರ್ಗಾಯಿಸಿತು. ಅಳಿವಿನಂಚಿನ ವಿದ್ಯೆಯೂ ಚೇತರಿಸಿಕೊಳ್ಳಬಲ್ಲದು ಎಂಬುದಕ್ಕೆ ಇದು ಸಾಕ್ಷಿ. ನಮ್ಮೂರಲ್ಲಿ ಸಂಕ ಹಾಕಬಲ್ಲ ಹಿರಿಯರು ಎಷ್ಟು ಮಂದಿ ಉಳಿದಿದ್ದಾರೆ?

ಜೀರ್ಣೋದ್ಧಾರ ಎಂಬ ಮಾತಿನಲ್ಲೊಂದು ಅಪಾಯವೂ ಇದೆ. ಗುಜರಾತಿನ ಮೋರ್ಬಿಯಲ್ಲಿ 19ನೆಯ ಶತಮಾನದ ತೂಗುಸೇತುವೆಯನ್ನು ದುರಸ್ತಿಯ ನಂತರ 2022ರ ಅಕ್ಟೋಬರ್ 26ರಂದು ಮತ್ತೆ ತೆರೆದರು. ನಾಲ್ಕೇ ದಿನಗಳಲ್ಲಿ ಅದು ಕುಸಿದು 135 ಮಂದಿ ಮೃತರಾದರು. ಒಂದು ಮುಖ್ಯ ಹಗ್ಗದ 49 ತಂತಿಗಳಲ್ಲಿ 22 ಮೊದಲೇ ತುಕ್ಕು ಹಿಡಿದಿದ್ದವೆಂದು ತನಿಖಾ ತಂಡ ಹೇಳಿತು. ನೆಲಹಾಸು ಹೊಸದಾಗಿತ್ತು, ಭಾರ ಹೊರುವ ಹಗ್ಗ ಹಳೆಯದೇ ಆಗಿತ್ತು. ಕಣ್ಣಿಗೆ ಕಾಣುವುದನ್ನು ಹೊಸತಾಗಿಸಿ, ಭಾರ ಹೊರುವುದನ್ನು ಮರೆತರೆ ಆಗುವುದು ಇದೇ.

ಹಾಗೆಂದು ಎಲ್ಲ ಕಡೆಯೂ ಮರವೇ ಇರಲಿ ಎಂದು ನಾನು ಹಟ ಹಿಡಿಯುವುದಿಲ್ಲ. ಸುಳ್ಯದ ಗಿರೀಶ್ ಭಾರದ್ವಾಜರು 1989ರಲ್ಲಿ ಅರಂಬೂರಿನಲ್ಲಿ ಪಯಸ್ವಿನಿಗೆ ತೂಗುಸೇತುವೆ ಕಟ್ಟಿ, ಮುಂದೆ ನೂರಕ್ಕೂ ಹೆಚ್ಚು ಕಡೆ ಆ ಕೆಲಸ ಮಾಡಿ, 2017ರಲ್ಲಿ ಪದ್ಮಶ್ರೀ ಪಡೆದರು. ದೊಡ್ಡ ಹೊಳೆಗೆ ಅಂಥ ಸೇತುವೆಯೇ ಬೇಕು. ಮಕ್ಕಳು ದಿನವೂ ದಾಟುವ ಹಳ್ಳಕ್ಕೆ ಭದ್ರವಾದ ಕೈಪಿಡಿಯ ಶಾಶ್ವತ ಸೇತುವೆಯನ್ನು ಕೇಳುವುದು ನಮ್ಮ ಹಕ್ಕು. ಆದರೆ ಕಾಂಕ್ರೀಟಿಗೂ ಕಬ್ಬಿಣಕ್ಕೂ ಆರೈಕೆ ತಪ್ಪಿದ್ದಲ್ಲ.

ಆದುದರಿಂದ ಮೂರು ಕೆಲಸಗಳನ್ನು ತಮ್ಮ ಮುಂದಿಡುತ್ತೇನೆ. ವಿದ್ಯಾರ್ಥಿಗಳು ತಮ್ಮ ಊರಿನ ಪ್ರತಿಯೊಂದು ಸಂಕದ ಉದ್ದ, ಅದು ಹಾಕಿದ ವರ್ಷ, ದಾಟುವ ಮಕ್ಕಳ ಸಂಖ್ಯೆ ಇವನ್ನು ಬರೆದು, ಮಳೆಗಿಂತ ಮೊದಲು ಗ್ರಾಮ ಪಂಚಾಯಿತಿಗೆ ಕೊಡಲಿ. ಹಿರಿಯರು ಸಂಕ ಹಾಕುವಾಗ ಇಬ್ಬರು ಕಿರಿಯರನ್ನಾದರೂ ಜೊತೆಗೆ ನಿಲ್ಲಿಸಿಕೊಳ್ಳಲಿ. ಹಳ್ಳದ ದಡದ ಮರಗಳನ್ನು ಯಾರೂ ಕಡಿಯದಿರಲಿ. ಬೇರು ಹಿಡಿದ ದಡವಿಲ್ಲದೆ ಯಾವ ಸೇತುವೆಯೂ ನಿಲ್ಲದು.

ಪುನಾಖಾದ ಜನ ಅರ್ಧ ಶತಮಾನದ ನಂತರವೂ ತಮ್ಮ ಸೇತುವೆಯನ್ನು ಮರಳಿ ಕಟ್ಟಿಕೊಂಡರು. ನಮಗೆ ಅಷ್ಟು ಕಾಲವಿಲ್ಲ. ಆರಿದ್ರಾ ಮಳೆ ಹಿಡಿಯುವ ಮೊದಲು ನಮ್ಮ ತೊಲೆಗಳನ್ನೊಮ್ಮೆ ತಟ್ಟಿ ನೋಡೋಣ.